ಬೇಲಿಯಾಚೆಯಿಂದ ಬಳ್ಳಿ ಎಳೆದ ನರಿ

ಹತ್ತಿರ ಬನ್ನಿ ಮಕ್ಕಳೇ. ಇನ್ನೂ ಸ್ವಲ್ಪ. ಇದು ಗಟ್ಟಿಯಾಗಿ ಹೇಳುವ ವಿಷಯವಲ್ಲ. ಇದರಲ್ಲಿ ಒಬ್ಬ ಗಂಡಸಿನ ಜಂಬ ಇದೆ, ಒಬ್ಬ ಕಳ್ಳನ ವೇಷ ಇದೆ, ಒಬ್ಬ ಹೆಂಗಸಿನ ಮೇಲೆ ಹೊರಿಸಿದ ಸುಳ್ಳು ಇದೆ. ಯಾರಿಗೂ ಹೇಳುವುದಿಲ್ಲ ಅಂತ ಮೊದಲು ತಲೆ ಮುಟ್ಟಿ ಆಣೆ ಇಡಿ. ನನ್ನ ತಲೆಯಲ್ಲ, ನಿಮ್ಮ ನಿಮ್ಮ ತಲೆ. ಆಯಿತಾ? ಹಾಗಾದರೆ ಕೇಳಿ.

ಒಂದು ಕಾಡಿನಲ್ಲಿ ಒಂದು ಎಣ್ಣೆ ಗಾಣವಿತ್ತು. ಜಾಂಬಣ್ಣ ಅನ್ನುವ ಕರಡಿ ಅದರ ಯಜಮಾನ. ಅಲ್ಲಿ ಹೊಂಗೆ ಬೀಜ ಅರೆದು ಎಣ್ಣೆ ತೆಗೆಯುತ್ತಿದ್ದರು. ಮಳೆಗಾಲ ಬಂದರೆ ಆ ಕಾಡಿನ ನೆಲವೆಲ್ಲ ಕೆಸರು. ಜಿಂಕೆ, ಕಡವೆ, ಕಾಟಿ ಎಲ್ಲದರ ಗೊರಸೂ ಕೆಸರಲ್ಲಿ ನೆನೆದು ಹುಣ್ಣಾಗುತ್ತಿತ್ತು. ಹೊಂಗೆ ಎಣ್ಣೆ ಹಚ್ಚಿದರೆ ಮಾತ್ರ ವಾಸಿ. ಅದಕ್ಕೇ ಮೊದಲ ಮಳೆ ಬೀಳುವ ಒಳಗೆ ಇನ್ನೂರು ಬಿದಿರಂಡೆ ಎಣ್ಣೆ ತುಂಬಿಸಿ ಇಡಬೇಕಿತ್ತು. ಪ್ರತಿ ವರ್ಷ ಇಡುತ್ತಿದ್ದರು ಕೂಡ.

ಗಾಣದಲ್ಲಿ ಕೆಲಸ ಹೇಗೆ ನಡೆಯುತ್ತಿತ್ತು ಅಂತ ತಿಳಿದುಕೊಳ್ಳಿ, ಇಲ್ಲದಿದ್ದರೆ ಮುಂದಿನದು ರುಚಿಸುವುದಿಲ್ಲ. ಒಂದು ಕಡೆ ಒಲೆ. ಅಲ್ಲಿ ಒಂದು ಕಾಡುಹಂದಿ ಸೌದೆ ಒಟ್ಟಿ ಬೀಜ ಬೆಚ್ಚಗೆ ಹುರಿಯುತ್ತಿತ್ತು. ನಡುವೆ ಗಾಣ. ಅದನ್ನು ಗಜ್ಜಪ್ಪ ಅನ್ನುವ ಆನೆ ಸುತ್ತುತ್ತಿದ್ದ. ಇನ್ನೊಂದು ಕಡೆ ಎಣ್ಣೆ ತುಂಬುವ ಕಲ್ಲುಬಾನಿ. ಅದರ ತೂಬಿನ ಹತ್ತಿರ ಚುಕ್ಕಿ ಅನ್ನುವ ಕಾಡುಕೋಳಿ ಕೂತು, ಬಿರಡೆ ಎತ್ತಿ ಅಂಡೆ ತುಂಬುತ್ತಿದ್ದಳು. ಗಾಣದ ಮರ ಕಿರ್ರೋ ಅಂತ ಕಿರುಗುಟ್ಟುವ ಸದ್ದಿಗೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ. ಅದಕ್ಕೆ ಒಂದು ಉಪಾಯ ಮಾಡಿದ್ದರು. ಎಲ್ಲರಿಗೂ ಕಾಣುವ ಒಂದು ಬಂಡೆ. ಬಂಡೆಯಿಂದ ಮೂರು ಬಳ್ಳಿ. ಒಂದು ಹಂದಿಯ ಬಾಲಕ್ಕೆ, ಒಂದು ಆನೆಯ ಕಿವಿಗೆ, ಒಂದು ಕೋಳಿಯ ಕಾಲಿಗೆ. ಬಂಡೆಯ ಮೇಲೆ ಸಾಕವ್ವ ಅನ್ನುವ ಮೊಲ ಕೂತು ಎಲ್ಲ ನೋಡುತ್ತಿದ್ದಳು. ಹೊಗೆಯ ಬಣ್ಣ ನೋಡಿ ಒಂದು ಸಲ ಎಳೆದರೆ ಹಂದಿ ಸೌದೆ ಒಟ್ಟಬೇಕು, ಎರಡು ಸಲ ಎಳೆದರೆ ಒಲೆಯಿಂದ ಸೌದೆ ಹೊರಗೆ ಹಿರಿಯಬೇಕು. ಆನೆಗೆ ಒಂದು ಎಳೆದರೆ ನಡೆ, ಎರಡು ಎಳೆದರೆ ನಿಲ್ಲು. ಕೋಳಿಗೆ ಒಂದು ಎಳೆದರೆ ಬಿರಡೆ ಎತ್ತು, ಎರಡು ಎಳೆದರೆ ಮುಚ್ಚು.

ಆ ಗಾಣದ ಪದ್ಧತಿ ಏನು ಗೊತ್ತೇ? ಬಳ್ಳಿ ಎಳೆದರೆ ಮಾತಿಲ್ಲ. ಯಾರು ಎಳೆದರು, ಯಾಕೆ ಎಳೆದರು ಅಂತ ಯಾರೂ ತಿರುಗಿ ನೋಡುತ್ತಿರಲಿಲ್ಲ. ಹಂದಿ ಒಲೆ ಕಡೆ ಮುಖ ಮಾಡಿಯೇ ಇರುತ್ತಿತ್ತು, ಕೋಳಿ ತೂಬಿನ ಕಡೆ. ಅಷ್ಟು ಶಿಸ್ತು ಅಂತ ಜಾಂಬಣ್ಣನಿಗೆ ಹೆಮ್ಮೆ. ನನಗೇನೋ ಅದು ಸೋಮಾರಿತನ ಅಂತಲೇ ಅನ್ನಿಸುತ್ತೆ, ಆದರೆ ನನ್ನನ್ನು ಯಾರು ಕೇಳುತ್ತಾರೆ.

ಗಾಣದ ಸುತ್ತ ಆಳೆತ್ತರದ ಮುಳ್ಳುಬೇಲಿ. ಬಾಗಿಲಲ್ಲಿ ಒಂದು ಮುಳ್ಳುಹಂದಿ ಕಾವಲು. ಅದರ ಕಾವಲು ಅಂದರೆ ಕಾವಲು. ಒಳಗೆ ಹೋಗುವವರ ಬಾಲ ಎತ್ತಿಸಿ ನೋಡುತ್ತಿತ್ತು. ಒಂದು ಸಲ ಯಜಮಾನ ಜಾಂಬಣ್ಣನನ್ನೇ ಅರ್ಧ ಗಂಟೆ ಹೊರಗೆ ನಿಲ್ಲಿಸಿತ್ತು.

ಇಷ್ಟೆಲ್ಲ ಇದ್ದ ಮೇಲೆ ಕಳ್ಳ ಹೇಗೆ ಒಳಗೆ ಬಂದ ಅಂತ ಕೇಳುತ್ತೀರಾ? ಅವನು ಒಳಗೆ ಬರಲೇ ಇಲ್ಲ. ಅದೇ ಇರುವುದು ಇಲ್ಲಿ.

ಬಳ್ಳಿ ಸಡಿಲವಾದರೆ, ಹರಿದರೆ ಸರಿಮಾಡಲು ಪಾಪಣ್ಣ ಅನ್ನುವ ಮುಸುವ, ಅಂದರೆ ಕರಿಮೂತಿಯ ಕೋತಿ, ಇದ್ದ. ಹೊಳೆಯಾಚೆ ಅತ್ತಿಮರದಲ್ಲಿ ಅವನ ಮನೆ. ಗಂಟು ಹಾಕುವುದರಲ್ಲಿ ಅವನನ್ನು ಬಿಟ್ಟರಿಲ್ಲ, ಇದನ್ನು ಒಪ್ಪಬೇಕು. ಆದರೆ ಹೊಳೆ ದಾಟುವುದು ಅಂದರೆ ಅವನಿಗೆ ಮೈ ಭಾರ. ಎರಡು ವರ್ಷದ ಹಿಂದೆ ಅವನು ಜಾಂಬಣ್ಣನ ಹತ್ತಿರ ಬಂದು, "ಯಜಮಾನ್ರೇ, ಪ್ರತಿ ಸಲ ನಾನು ಹೊಳೆ ದಾಟಿ, ಆ ಮುಳ್ಳುಹಂದಿಗೆ ಬಾಲ ತೋರಿಸಿ ಒಳಗೆ ಬರೋ ಹೊತ್ತಿಗೆ ನಿಮ್ಮ ಅರ್ಧ ದಿನ ಹಾಳಾಗ್ತದೆ. ಮೂರು ಎಳೆ ಜಡೆ ಹೆಣೆದು ಒಂದೊಂದು ಎಳೇನ ಒಂದೊಂದು ಬಳ್ಳಿಗೆ ಕಟ್ಟಿಬಿಡ್ತೀನಿ. ಜಡೆಯ ತುದಿ ನನ್ನ ಮನೇಲಿರಲಿ. ಕೂತಲ್ಲೇ ಎಳೆದು ಪರೀಕ್ಷೆ ಮಾಡ್ತೀನಿ" ಅಂದ.

"ಕೆಲಸ ಬೇಗ ಆಗ್ತದೇನೋ?" ಅಂತ ಜಾಂಬಣ್ಣ ಕೇಳಿದ.

"ಕಣ್ಣು ಮಿಟುಕಿಸೋದ್ರೊಳಗೆ."

"ಹಾಗಾದ್ರೆ ಕಟ್ಟು."

ಪಾಪಣ್ಣ ಅಮೃತಬಳ್ಳಿಯಲ್ಲಿ ಜಡೆ ಹೆಣೆದ. ಬಂಡೆಯ ಹಿಂದೆ ಗಂಟು ಹಾಕಿದ. ಬೇಲಿಯ ಬುಡದಲ್ಲಿ ಒಂದು ಸಣ್ಣ ಕಿಂಡಿ ಮಾಡಿ ಜಡೆಯನ್ನು ಹೊರಗೆ ತೂರಿಸಿ, ಹೊಳೆ ದಾಟಿಸಿ, ಅತ್ತಿಮರಕ್ಕೆ ಒಯ್ದ. ಅಮೃತಬಳ್ಳಿ ಎಂಥ ಜಾತಿ ಅಂತ ಗೊತ್ತಲ್ಲ, ಕತ್ತರಿಸಿ ನೇತುಹಾಕಿದರೂ ಚಿಗುರುತ್ತದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದರ ಮೇಲೆ ಎಲೆ ಬಂತು. ಬೇಲಿಯ ಬಳ್ಳಿ ಯಾವುದು, ಪಾಪಣ್ಣನ ಬಳ್ಳಿ ಯಾವುದು ಅಂತ ತಿಳಿಯದ ಹಾಗಾಯಿತು. ಗಾಣದವರೆಲ್ಲ ಅದನ್ನು ಮರೆತರು. ಬಾಗಿಲಲ್ಲಿ ಮುಳ್ಳುಹಂದಿ ಮಾತ್ರ ಬಂದವರ ಬಾಲ ಎತ್ತಿಸುತ್ತಲೇ ಇತ್ತು.

ಅದರ ಮೇಲೆ ಕಣ್ಣಿಟ್ಟವನು ಒಬ್ಬನಿದ್ದ. ಚೆಲುವಣ್ಣ ಅನ್ನುವ ನರಿ. ಹೆಸರು ಹಾಗೆ, ಮೂತಿ ನೋಡಿದರೆ ಹಾಲು ಒಡೆಯಬೇಕು. ಹೊಳೆ ದಂಡೆಯಲ್ಲಿ ಏಡಿ ಹುಡುಕುತ್ತಾ ತಿರುಗುವವನು ಈ ಜಡೆ ಆಗಾಗ ಅಲ್ಲಾಡುವುದನ್ನು ಕಂಡಿದ್ದ. ಇದರ ಇನ್ನೊಂದು ತುದಿಯಲ್ಲಿ ಗಾಣವಿದೆ ಅಂತ ಅವನಿಗೆ ಗೊತ್ತಾಯಿತು. ಎಷ್ಟು ಸಲ ಎಳೆದರೆ ಏನು ಅನ್ನುವುದು ಮಾತ್ರ ಗೊತ್ತಿರಲಿಲ್ಲ. ಅದನ್ನು ತಿಳಿಯಲು ಅವನು ಏನು ಮಾಡಿದ ಅಂತೀರಿ? ಎಲ್ಲಿಂದಲೋ ಒಂದು ನವಿಲುಗರಿ ತಂದು ಕಿವಿಗೆ ಸಿಕ್ಕಿಸಿಕೊಂಡ. ಕೈಯಲ್ಲಿ ಒಂದು ತಾಳೆಗರಿ ಹಿಡಿದ. ಅತ್ತಿಮರದ ಕೆಳಗೆ ನಿಂತು ಗಂಟಲು ಸರಿಮಾಡಿಕೊಂಡ.

"ಪಾಪಣ್ಣ ಅನ್ನೋರ ಮನೆ ಇದೇ ಏನು?"

"ಹೌದು. ತಾವು ಯಾರು?"

"ಹುಲಿರಾಯರ ಕಚೇರಿಯವನು. ಕಾಡಿನ ಗಾಣಗಳ ತಪಾಸಣೆ ನಡೀತಾ ಇದೆ. ಬಳ್ಳಿ ಕೆಲಸದವರಿಗೆ ಕೆಲಸ ಬರ್ತದೋ ಇಲ್ಲವೋ ನೋಡಿಕೊಂಡು ಬಾ ಅಂದಿದ್ದಾರೆ. ಬರದವರ ಹೆಸರು ಈ ಗರಿ ಮೇಲೆ ಬರ್ಕೋಬೇಕು."

ಪಾಪಣ್ಣ ಮರದಿಂದ ಜಾರಿಕೊಂಡೇ ಇಳಿದ. "ನನಗೆ ಬರೋದಿಲ್ವೇ ಸ್ವಾಮಿ? ಈ ಜಡೆ ಹೆಣೆದೋನು ನಾನು."

"ಎಲ್ಲರೂ ಹೀಗೇ ಹೇಳ್ತಾರೆ. ಒಲೆ ಎಳೆ ಯಾವುದು?"

"ಇದು. ಒಂದು ಎಳೆದ್ರೆ ಸೌದೆ ಒಟ್ತಾರೆ. ಎರಡು ಎಳೆದ್ರೆ ಹಿರೀತಾರೆ."

"ಗಾಣದ್ದು?"

ಅದನ್ನೂ ಹೇಳಿದ. ತೂಬಿನದ್ದನ್ನೂ ಹೇಳಿದ. ಕೇಳದೇ ಇದ್ದದ್ದನ್ನೂ ಹೇಳಿದ. ಜಾಂಬಣ್ಣ ಯಾವ ಹೊತ್ತಿನಲ್ಲಿ ಒರಳಿನೊಳಗೆ ತಲೆ ಹಾಕಿ ಹಿಂಡಿ ಕೆರೆಯುತ್ತಾನೆ, ಚುಕ್ಕಿ ಯಾವಾಗ ತೂಕಡಿಸುತ್ತಾಳೆ, ಎಲ್ಲ. ಹೊಗಳಿಸಿಕೊಳ್ಳಲು ಬಾಯಿ ತೆರೆದವರಿಗೆ ಮುಚ್ಚಲು ಬರುವುದಿಲ್ಲ ನೋಡಿ.

ನರಿ ಹೋದ ಮೇಲೆ ಪಾಪಣ್ಣನ ಹೆಂಡತಿ ಮಾದೇವಿ ಕೊಂಬೆಯ ಮೇಲಿಂದ ಇಣುಕಿ, "ಏನ್ರೀ, ಹುಲಿ ಕಚೇರಿಯವನು ಹೋಗ್ತಾ ಹೋಗ್ತಾ ನಮ್ಮ ಮರದ ಕೆಳಗೆ ಬಿದ್ದ ಕೊಳೆತ ಅತ್ತಿಹಣ್ಣು ಆಯ್ಕೊಂಡು ತಿಂದನಲ್ಲ?" ಅಂದಳು.

ಪಾಪಣ್ಣನ ಮುಖ ಸಪ್ಪಗಾಯಿತು. ತಾನು ಏನು ಮಾಡಿದೆ ಅಂತ ಅವನಿಗೆ ಆ ಕ್ಷಣವೇ ಹೊಳೆಯಿತು. ಆಗಲೇ ಎದ್ದು ಹೊಳೆ ದಾಟಿ ಜಾಂಬಣ್ಣನಿಗೆ ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಅವನು ಏನು ಹೇಳಿದ ಗೊತ್ತೇ? "ನಿನ್ನ ಬಾಯಿಂದ ಇದು ಹೊರಗೆ ಬಂದರೆ ನೋಡು" ಅಂದ. ಹೆಂಡತಿಯ ಬಾಯಿ ಮುಚ್ಚಿಸಿದ. ನವಿಲುಗರಿ ನೋಡಿ ಬೆಪ್ಪಾದೆ ಅಂತ ಹೇಳಿಕೊಳ್ಳಲು ನಾಚಿಕೆ.

ಮಾರನೆಯ ದಿನ ಒಲೆ ಹದವಾಗಿ ಉರಿಯುತ್ತಿತ್ತು. ಹಂದಿಯ ಬಾಲದ ಬಳ್ಳಿ ಒಂದು ಸಲ ಜಗ್ಗಿತು. ಹಂದಿ ಸೌದೆ ಒಟ್ಟಿತು. ಮತ್ತೆ ಜಗ್ಗಿತು, ಮತ್ತೆ ಒಟ್ಟಿತು. ಹತ್ತು ಸಲ ಜಗ್ಗಿತು. ಬಾಣಲೆಯಲ್ಲಿ ಇದ್ದ ಬೀಜವೆಲ್ಲ ಕರಿ ಇದ್ದಿಲಾಯಿತು.

"ಏನು ಸಾಕವ್ವ ಇದು?" ಅಂತ ಜಾಂಬಣ್ಣ ಕೇಳಿದ.

"ನಾನು ಎಳೀಲಿಲ್ಲ ಅಣ್ಣ."

"ನೀನು ಎಳೀದೆ ಬಳ್ಳಿ ತಾನಾಗೇ ಎಳೀತೇ?"

ಅದರ ಮರುದಿನ ಚುಕ್ಕಿಯ ಕಾಲಿನ ಬಳ್ಳಿ ಜಗ್ಗಿತು. ತೂಬಿನ ಕೆಳಗೆ ಅಂಡೆ ಇರಲಿಲ್ಲ. ಚುಕ್ಕಿ ಬಿರಡೆ ಎತ್ತಿದಳು. ಬಾನಿಯ ಎಣ್ಣೆಯೆಲ್ಲ ನೆಲಕ್ಕೆ ಹರಿದು ಅಂಗಳ ಎಣ್ಣೆ ಕೆಸರಾಯಿತು. ಕೆಳಗೆ ಅಂಡೆ ಇಲ್ಲ ಅಂತ ಕಾಣಲಿಲ್ಲವೇ ಅಂದರೆ, "ಬಳ್ಳಿ ಎಳೀತು, ನಾನು ಎತ್ತಿದೆ. ನೋಡೋದು ನನ್ನ ಕೆಲಸ ಅಂತ ಯಾರೂ ಹೇಳಿರಲಿಲ್ಲ" ಅಂದಳು.

ಮೂರನೆಯದು ಇವೆರಡಕ್ಕಿಂತ ಕೆಟ್ಟದ್ದು. ಗಾಣ ನಿಂತಿತ್ತು. ಜಾಂಬಣ್ಣ ಒರಳಿನೊಳಗೆ ತಲೆ ಹಾಕಿ ಹಿಂಡಿ ಕೆರೆಯುತ್ತಿದ್ದ. ಗಜ್ಜಪ್ಪನ ಕಿವಿಯ ಬಳ್ಳಿ ಒಂದು ಸಲ ಜಗ್ಗಿತು. ಆನೆ ಒಂದು ಹೆಜ್ಜೆ ಇಟ್ಟ. ಗಾಣದ ಮರ ಹೊರಳಿತು. ಜಾಂಬಣ್ಣ ಕಿರುಚಿದ ಸದ್ದಿಗೆ ಗಜ್ಜಪ್ಪ ನಿಂತ, ಪುಣ್ಯಕ್ಕೆ. ಜಾಂಬಣ್ಣನ ತಲೆ ಉಳಿಯಿತು. ಎಡಗಿವಿಯ ಹಿಂದಿನ ಕೂದಲು ಒಂದು ಹಿಡಿಯಷ್ಟು ಒರಳಲ್ಲೇ ಉಳಿಯಿತು.

ಆಮೇಲೆ ಶುರುವಾಯಿತು ನೋಡಿ ಮಾತು. ಚುಕ್ಕಿಯ ಬಾಯಿಯನ್ನು ನಾನು ವರ್ಣಿಸಬಾರದು, ಅವಳೂ ಒಂದು ಹೆಣ್ಣು. ಆದರೂ ಹೇಳುತ್ತೇನೆ. ಸಾಕವ್ವ ಬಂಡೆಯ ಮೇಲೆ ನಿದ್ದೆ ಮಾಡುತ್ತಾಳೆ ಅಂತ ಬೆಳಿಗ್ಗೆ ಅಂದಳು. ಮಧ್ಯಾಹ್ನದ ಹೊತ್ತಿಗೆ ಅದು, ಸಾಕವ್ವ ಹೊಳೆಯಾಚೆಯ ಯಾರನ್ನೋ ನೋಡುತ್ತಾ ಮೈಮರೆಯುತ್ತಾಳೆ ಅಂತಾಯಿತು. ಸಂಜೆಗೆ ಆ ಯಾರೋ ಅನ್ನುವವನಿಗೆ ಮೀಸೆಯೂ ಬಂತು. ಸಾಕವ್ವ ಗಂಡ ಸತ್ತವಳು, ನಾಲ್ಕು ಮರಿಗಳ ತಾಯಿ. ಅವಳ ಬಿಲ ಅದೇ ಬಂಡೆಯ ಬುಡದಲ್ಲಿತ್ತು. ಕೆಲಸ ಹೋದರೆ ಬಿಲವೂ ಹೋಗುತ್ತಿತ್ತು.

ಸರಿಯಾಗಿ ಆಗಲೇ ಚೆಲುವಣ್ಣ ಬಾಗಿಲಿಗೆ ಬಂದ. ನವಿಲುಗರಿ ಇರಲಿಲ್ಲ, ಈ ಸಲ ಹಣೆಗೆ ಬೂದಿ. ಮುಳ್ಳುಹಂದಿ ಅವನ ಬಾಲ ಎತ್ತಿಸಿ ನೋಡಿ, ಏನೂ ಇಲ್ಲ ಅಂತ ಒಳಗೆ ಬಿಟ್ಟಿತು.

"ಜಾಂಬಣ್ಣ, ನಿನ್ನ ಗಾಣಕ್ಕೆ ದೆವ್ವ ಹೊಕ್ಕಿದೆ" ಅಂದ. "ಆ ದೆವ್ವ ಕೂತಿರೋದು ಬಂಡೆ ಮೇಲೆ ಇರೋಳ ಕೈಯಲ್ಲಿ. ಅವಳನ್ನ ಮರಿಗಳ ಸಮೇತ ಕಾಡಿನಿಂದ ಆಚೆ ಕಳಿಸು. ನಾನು ಮಂತ್ರ ಬಲ್ಲೋನು. ಆ ಬಂಡೆ ಮೇಲೆ ನಾನು ಕೂತರೆ ದೆವ್ವ ಹತ್ತಿರ ಸುಳಿಯೋದಿಲ್ಲ."

"ಅದಕ್ಕೆ ನಿನಗೇನು ಕೊಡಬೇಕು?"

"ನನಗೇನೂ ಬೇಡ. ವಾರಕ್ಕೊಂದು ಕಾಡುಕೋಳಿ, ದೆವ್ವಕ್ಕೆ."

ಚುಕ್ಕಿ ತೂಬಿನ ಹಿಂದೆ ಸರಿದಳು. ಅವಳ ಮಾತು ಅವತ್ತಿಗೆ ನಿಂತಿತು.

"ನಂಬಿಕೆ ಇಲ್ಲದಿದ್ದರೆ ಮೂರು ದಿನ ನೋಡು" ಅಂತ ನರಿ ಮುಂದುವರಿಸಿದ. "ಮೂರನೇ ದಿನ ಸೂರ್ಯ ನೆತ್ತಿಗೆ ಬಂದಾಗ ಗಾಣ ತಾನಾಗೇ ಅಲ್ಲಾಡ್ತದೆ. ಎಲ್ಲರನ್ನೂ ಸೇರಿಸಿಟ್ಟುಕೋ. ನಾನು ಹೊಳೆ ದಂಡೆಯಲ್ಲಿ ಜಪಕ್ಕೆ ಕೂತಿರ್ತೀನಿ, ದೆವ್ವ ಬಂತು ಅಂದಮೇಲೆ ಕರೆ ಕಳಿಸು."

ಜಾಂಬಣ್ಣ ಕಿವಿಯ ಹಿಂದಿನ ಬೋಳು ಜಾಗ ಸವರಿಕೊಂಡ. ಇನ್ನು ಹದಿನೈದು ದಿನಕ್ಕೆ ಮಳೆ. ತುಂಬಿದ ಅಂಡೆ ಬರೀ ಎಪ್ಪತ್ತು. ಅವನು ಬಂಡೆಯ ಹತ್ತಿರ ಹೋಗಿ, "ಸಾಕವ್ವ, ಮೂರು ದಿನ ಕೊಟ್ಟಿದ್ದೀನಿ. ಇದು ನಿನ್ನ ಕೆಲಸ ಅಲ್ಲ ಅಂತ ತೋರಿಸು. ಆಗದಿದ್ದರೆ ಮರಿಗಳನ್ನ ಕರ್ಕೊಂಡು ಹೊರಡು" ಅಂದ.

ಸಾಕವ್ವ ಅಳಲಿಲ್ಲ. ಅತ್ತಿದ್ದರೆ ಚುಕ್ಕಿಗೆ ಇನ್ನೊಂದು ಕಥೆ ಸಿಗುತ್ತಿತ್ತು. ಅವಳು ಬಂಡೆಯ ಮೇಲೆ ಹತ್ತಿ ಎರಡು ಕೈಯನ್ನೂ ಎದೆಯ ಮೇಲೆ ಕಟ್ಟಿ ಕೂತಳು. ಬಳ್ಳಿ ಮುಟ್ಟಲೇ ಇಲ್ಲ. ಕಣ್ಣು ಬಿಟ್ಟುಕೊಂಡು ಬಳ್ಳಿಗಳನ್ನೇ ನೋಡಿದಳು. ಮೊದಲ ದಿನ ಏನೂ ಆಗಲಿಲ್ಲ. ಎರಡನೆಯ ದಿನ ಒಲೆಯ ಬಳ್ಳಿ ಜಗ್ಗಿತು. ಜಗ್ಗಿದ್ದು ಅವಳ ತುದಿಯಿಂದಲ್ಲ, ಬಂಡೆಯ ಹಿಂದಿನಿಂದ. ಹಿಂದೆ ತಿರುಗಿ ನೋಡಿದರೆ ಗಾಳಿಯಿಲ್ಲದ ಹೊತ್ತಿನಲ್ಲಿ ಒಂದೇ ಒಂದು ಬಳ್ಳಿಯ ಎಲೆಗಳು ನಡುಗುತ್ತಿದ್ದವು. ಆ ನಡುಕ ಬಂಡೆಯಿಂದ ಬೇಲಿಯ ತನಕ ಒಂದು ಗೆರೆ ಎಳೆದ ಹಾಗಿತ್ತು.

ಸಾಕವ್ವ ಎಲೆ ಸರಿಸಿ ನೋಡಿದಳು. ಮೂರು ಎಳೆ. ಮೂರು ಗಂಟು. ಆ ಗಂಟು ಹಾಕುವ ಕೈ ಕಾಡಿನಲ್ಲಿ ಒಂದೇ.

ಅವಳು ಬಾಗಿಲಿನಿಂದ ಹೊರಗೆ ಹೋಗಿ, ಹೊಳೆ ದಾಟಿ, ಅತ್ತಿಮರದ ಕೆಳಗೆ ನಿಂತಳು.

"ಪಾಪಣ್ಣ, ನಿನ್ನ ಜಡೆಯನ್ನ ಯಾರೋ ಎಳೀತಾ ಇದ್ದಾರೆ."

"ಯಾವ ಜಡೆ?" ಅಂದ ಪಾಪಣ್ಣ.

"ಎರಡು ವರ್ಷದ ಹಿಂದೆ ಕಟ್ಟಿದೆಯಲ್ಲ."

"ಅದು ಯಾವತ್ತೋ ಹರಿದುಹೋಯ್ತು. ನನಗೇನೂ ಗೊತ್ತಿಲ್ಲ. ನನಗೆ ಜ್ವರ."

ಆಗ ಮೇಲಿನ ಕೊಂಬೆಯಿಂದ ಮಾದೇವಿ ಇಳಿದು ಬಂದಳು. "ಜ್ವರವೂ ಇಲ್ಲ, ಏನೂ ಇಲ್ಲ" ಅಂದಳು. "ಆ ಹೆಣ್ಣುಮಗಳು ನಾಲ್ಕು ಮರಿ ಕಟ್ಕೊಂಡು ಮಳೇಲಿ ಎಲ್ಲಿಗೆ ಹೋಗಬೇಕು ಅಂತ ಯೋಚನೆ ಮಾಡಿದೀರಾ? ನೀವು ಹೇಳ್ತೀರೋ, ನಾನು ಹೇಳಲೋ?"

ಪಾಪಣ್ಣ ತಲೆ ಬಗ್ಗಿಸಿದ. ನವಿಲುಗರಿಯಿಂದ ಹಿಡಿದು ಕೊಳೆತ ಅತ್ತಿಹಣ್ಣಿನ ತನಕ ಎಲ್ಲ ಹೇಳಿದ. ಹೇಳಿ ಮುಗಿಸಿ, "ಈಗಲೇ ಹೋಗಿ ಜಡೆ ಕತ್ತರಿಸಿಬಿಡ್ತೀನಿ ಸಾಕಕ್ಕ" ಅಂದ.

"ಬೇಡ. ಕತ್ತರಿಸಿದರೆ ಗಾಣ ಉಳೀತದೆ, ನನ್ನ ಹೆಸರು ಉಳಿಯೋದಿಲ್ಲ. ಎಳೆದೋನು ಯಾರು ಅಂತ ಎಲ್ಲರೂ ನೋಡಬೇಕು. ನೀನು ಗಂಟು ಬಿಚ್ಚೋಕೆ ಮಾತ್ರ ಬಾ. ಬಾಗಿಲಿನಿಂದ ಬಾ."

ಇನ್ನೊಂದು ವಿಷಯ ಮಾದೇವಿ ಹೇಳಿದ್ದು ಸಾಕವ್ವನಿಗೆ ತುಂಬ ಉಪಯೋಗಕ್ಕೆ ಬಂತು. ನರಿ ಸಣಕಲು ಮೈಯವನು. ಕೈಯಲ್ಲಿ ಹಿಡಿದು ಎಳೆದರೆ ಅಷ್ಟು ಉದ್ದದ ಜಡೆ ಅಲ್ಲಾಡುತ್ತಿರಲಿಲ್ಲ. ಅದಕ್ಕೆ ಅವನು ಜಡೆಯ ತುದಿಯನ್ನು ಅತ್ತಿಮರದಿಂದ ಬಿಚ್ಚಿ ತಂದು, ಅದೇ ದಂಡೆಯ ಪೊದೆಯಲ್ಲಿ ಕೂತು, ಮೂರು ಎಳೆಯನ್ನೂ ಸೊಂಟಕ್ಕೆ ಸುತ್ತಿ ಗಂಟು ಹಾಕಿಕೊಂಡು, ಬೇಕಾದ ಎಳೆಯನ್ನು ಹಲ್ಲಲ್ಲಿ ಕಚ್ಚಿ ಹಿಂದಕ್ಕೆ ವಾಲುತ್ತಿದ್ದ. ಮರದ ಮೇಲಿಂದ ಮಾದೇವಿ ದಿನವೂ ನೋಡುತ್ತಿದ್ದಳು.

ಮೂರನೆಯ ದಿನ ಬೆಳಿಗ್ಗೆ ಸಾಕವ್ವ ಆನೆಯ ಹತ್ತಿರ ಹೋದಳು. ಗಜ್ಜಪ್ಪ ಮೈ ದೊಡ್ಡದು, ಮಾತು ಚಿಕ್ಕದು.

"ಗಜ್ಜಪ್ಪಣ್ಣ, ನಿನ್ನ ಹಿಂಗಾಲಿಗೆ ಒಂದು ಬಳ್ಳಿ ಕಟ್ಟಬೇಕು."

"ಯಾಕೆ?"

"ಅದು ಜಗ್ಗಿದರೆ ನೀನೂ ಜಗ್ಗಬೇಕು."

"ಎಷ್ಟು?"

"ತುದಿ ಬರೋವರೆಗೂ."

"ಸರಿ" ಅಂದ ಗಜ್ಜಪ್ಪ. ಹೆಚ್ಚು ಕೇಳಲಿಲ್ಲ. ಕಾಲು ನೀಡಿದ.

ಪಾಪಣ್ಣ ಮೂರು ಎಳೆಯನ್ನೂ ಗಾಣದ ಬಳ್ಳಿಗಳಿಂದ ಬಿಚ್ಚಿದ. ಮೂರನ್ನೂ ಸೇರಿಸಿ ಆನೆಯ ಹಿಂಗಾಲಿಗೆ ಕಟ್ಟಿದ. ಅಷ್ಟು ಬಿಗಿಯಾದ ಗಂಟು ಅವನು ಹುಟ್ಟಿದಾಗಿನಿಂದ ಹಾಕಿರಲಿಲ್ಲವಂತೆ. ಪಾಪ, ಪ್ರಾಯಶ್ಚಿತ್ತದ ಗಂಟು.

ಸೂರ್ಯ ನೆತ್ತಿಗೆ ಬಂದ. ಕಾಡಿನವರೆಲ್ಲ ಅಂಗಳದಲ್ಲಿ ಸೇರಿದರು. ಜಿಂಕೆಗಳು ಬಂದವು, ಕಡವೆಗಳು ಬಂದವು, ಎಣ್ಣೆ ಸಿಗುತ್ತದೋ ಇಲ್ಲವೋ ಅನ್ನುವ ಚಿಂತೆಯಲ್ಲಿ. ಸಾಕವ್ವನ ನಾಲ್ಕು ಮರಿಗಳು ಬಿಲದ ಬಾಯಲ್ಲಿ ಒತ್ತಿಕೊಂಡು ನಿಂತಿದ್ದವು. ಜಾಂಬಣ್ಣ ಗಾಣವನ್ನೇ ನೋಡುತ್ತಿದ್ದ.

ಗಾಣ ಅಲ್ಲಾಡಲಿಲ್ಲ. ಗಜ್ಜಪ್ಪನ ಕಾಲಿನ ಬಳ್ಳಿ ಜಗ್ಗಿತು.

ಗಜ್ಜಪ್ಪ ಒಂದು ಹೆಜ್ಜೆ ಮುಂದಿಟ್ಟ. ಹೊಳೆಯ ಕಡೆಯಿಂದ ಒಂದು ಕೂಗು ಕೇಳಿತು. ಇನ್ನೊಂದು ಹೆಜ್ಜೆ ಇಟ್ಟ. ಕೂಗು ಹತ್ತಿರ ಬಂತು, ನಡುವೆ ಬುಳುಬುಳು ಅಂದಿತು, ಅಂದರೆ ಹೊಳೆ ದಾಟಿತು. ಮೂರನೆಯ ಹೆಜ್ಜೆಗೆ ಬೇಲಿ ಅಲ್ಲಾಡಿತು. ಜಡೆ ತೂರುವಷ್ಟೇ ಇದ್ದ ಕಿಂಡಿಯಲ್ಲಿ ಒಂದು ಮೂತಿ ಬಂತು, ಒಂದು ಕಿವಿ ಬಂತು, ಆಮೇಲೆ ಮುಳ್ಳಿಗೆ ಅರ್ಧ ಕೂದಲು ಬಿಟ್ಟು ಇಡೀ ಚೆಲುವಣ್ಣ ಬಂದ. ಬೇಲಿಯಿಂದ ಒಲೆಯ ಬೂದಿಗುಡ್ಡೆಗೆ, ಬೂದಿಗುಡ್ಡೆಯಿಂದ ಎಣ್ಣೆ ಕೆಸರಿಗೆ. ಅಂಗಳದ ನಡುವೆ, ಎಲ್ಲರ ಕಾಲಿನ ಹತ್ತಿರ, ಹೊಟ್ಟೆಯ ಮೇಲೆ ಜಾರಿಕೊಂಡು ಬಂದು ನಿಂತ. ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ.

"ತುದಿ ಬಂತು" ಅಂದ ಗಜ್ಜಪ್ಪ.

ಬಾಗಿಲಿನಿಂದ ಮುಳ್ಳುಹಂದಿ ಓಡಿ ಬಂತು. "ಇವನು ನನ್ನ ಬಾಗಿಲಿಂದ ಬಂದೋನಲ್ಲ. ಇವನಿಗೆ ನಾನು ಜವಾಬ್ದಾರಿ ಅಲ್ಲ" ಅಂದಿತು.

ನರಿ ಎಣ್ಣೆ ಬೂದಿ ಮೆತ್ತಿದ ಮುಖವನ್ನು ಎತ್ತಿದ. "ದೆವ್ವ ನನ್ನನ್ನ ಎಳ್ಕೊಂಡು ಬಂತು ಜಾಂಬಣ್ಣ. ನಾನು ಹೇಳಲಿಲ್ಲವೇ?"

ಸಾಕವ್ವ ಬಂಡೆಯಿಂದ ಇಳಿದು ಅವನ ಮುಂದೆ ನಿಂತಳು. "ಎಳೆದದ್ದೇನೋ ದೆವ್ವ ಅಂತಲೇ ಇಟ್ಕೊಳ್ಳೋಣ. ನಿನ್ನ ಸೊಂಟಕ್ಕೆ ಎರಡು ಸುತ್ತು ಸುತ್ತಿ ಗಂಟು ಹಾಕಿದ್ದು ಯಾರು?"

ನರಿ ಬಗ್ಗಿ ತನ್ನ ಸೊಂಟ ನೋಡಿಕೊಂಡ.

"ಬಾಯಲ್ಲಿ ಇರೋದನ್ನೂ ಉಗುಳು" ಅಂದಳು ಸಾಕವ್ವ.

ಅಮೃತಬಳ್ಳಿಯ ಒಂದು ಚೂರು ಹಲ್ಲಿನ ಸಂದಿಯಿಂದ ಬಿತ್ತು. ಅಷ್ಟು ಸಾಕಾಯಿತು. ಅಂಗಳವೆಲ್ಲ ನಕ್ಕಿತು ನೋಡಿ. ಜಿಂಕೆ ನಕ್ಕಿತು, ಹಂದಿ ಒಲೆ ಬಿಟ್ಟು ಬಂದು ನಕ್ಕಿತು, ಗಜ್ಜಪ್ಪ ನಕ್ಕದ್ದಕ್ಕೆ ಗಾಣದ ಒರಳೇ ಅದುರಿತು. ಪಾಪಣ್ಣ ಆಗ ಎಲ್ಲರ ಮುಂದೆ ನಿಂತು ತನ್ನ ತಪ್ಪನ್ನೂ ಹೇಳಿಕೊಂಡ. ನವಿಲುಗರಿಯ ಮಾತು ಬಂದಾಗ ಅವನ ದನಿ ಸಣ್ಣಗಾಯಿತು, ಆದರೂ ಹೇಳಿದ.

ನರಿಯನ್ನು ಹೊಡೆಯಲಿಲ್ಲ. ಗಂಟು ಬಿಚ್ಚಿ ಬಿಟ್ಟರು. ಹೊಂಗೆ ಎಣ್ಣೆಯ ವಾಸನೆ ಎಂಥದ್ದು ಅಂತ ಹಚ್ಚಿಕೊಂಡವರಿಗೆ ಗೊತ್ತು. ಅವನ ಕೂದಲಿಗೆ ಹತ್ತಿದ್ದು ಎಷ್ಟು ತಿಂಗಳಾದರೂ ಹೋಗಲಿಲ್ಲ. ಅವನು ಯಾವ ವೇಷ ಹಾಕಿಕೊಂಡು ಯಾರ ಮರದ ಕೆಳಗೆ ನಿಂತರೂ, ಅವನು ಬಾಯಿ ಬಿಡುವ ಮುಂಚೆಯೇ, "ಯಾರು, ಚೆಲುವಣ್ಣನೇ?" ಅಂತ ಮೇಲಿಂದ ಕೇಳುತ್ತಿದ್ದರು. ಕೊನೆಗೆ ಆ ಕಾಡನ್ನೇ ಬಿಟ್ಟು ಹೋದ.

ಜಾಂಬಣ್ಣ ಎಲ್ಲರೂ ಕೇಳುವ ಹಾಗೆ, "ಸಾಕವ್ವ, ತಪ್ಪು ನನ್ನದು. ಬೇಗ ಆಗ್ತದೆ ಅಂತ ಬೇಲಿಗೆ ಕಿಂಡಿ ಮಾಡಿಸಿದೋನು ನಾನು. ನಿನ್ನ ಮೇಲೆ ಹೊರಿಸಿದೋನೂ ನಾನು" ಅಂದ. "ಇನ್ಮೇಲೆ ಬಳ್ಳಿ ವಿಷಯದಲ್ಲಿ ನೀನು ಹೇಳಿದ್ದೇ ಮಾತು."

ಸಾಕವ್ವ ಹೇಳಿದ್ದು ಬಹಳ ಇರಲಿಲ್ಲ. ಕಿಂಡಿ ಮುಚ್ಚಿದರು. ಪಾಪಣ್ಣ ಕೆಲಸವಿದ್ದಾಗ ಹೊಳೆ ದಾಟಿ, ಮುಳ್ಳುಹಂದಿಗೆ ಬಾಲ ತೋರಿಸಿ ಬರಬೇಕಾಯಿತು, ಮೈ ಇಳಿದು ಲಕ್ಷಣವಾದ ಅಂತ ಮಾದೇವಿಗೆ ಖುಷಿ. ಬಳ್ಳಿ ಜಗ್ಗಿದರೆ ಸುಮ್ಮನೆ ಕೆಲಸ ಮಾಡುವುದು ನಿಂತಿತು. ಹಂದಿ, ಆನೆ, ಕೋಳಿ ಒಂದು ಸಲ ತಿರುಗಿ ಬಂಡೆಯ ಕಡೆ ನೋಡಬೇಕು. ಸಾಕವ್ವ ಕಿವಿ ಎತ್ತಿದರೆ ಮಾತ್ರ ಕೆಲಸ. ಎಷ್ಟು ಸಲ ಎಳೆದರೆ ಏನು ಅನ್ನುವುದನ್ನು ಪ್ರತಿ ಹುಣ್ಣಿಮೆಗೆ ಬದಲಾಯಿಸುತ್ತಿದ್ದರು. ವಾರಕ್ಕೊಂದು ದಿನ ಬಳ್ಳಿ ಬಿಚ್ಚಿಟ್ಟು, ಗಾಣವನ್ನು ನಿಧಾನವಾಗಿ ಸುತ್ತುತ್ತಾ ಬಾಯಿ ಮಾತಲ್ಲೇ ಕೆಲಸ ನಡೆಸುತ್ತಿದ್ದರು, ಬಳ್ಳಿ ಕೈಕೊಟ್ಟ ದಿನ ಗಾಬರಿಯಾಗಬಾರದಲ್ಲ. ಆಮೇಲೆ, ಮೋಸ ಹೋದವರು ಅವತ್ತೇ ಬಂದು ಹೇಳಿದರೆ ಯಾರೂ ನಗಬಾರದು ಅಂತ ಕಟ್ಟು ಮಾಡಿದಳು. ಈ ಕೊನೆಯದನ್ನು ಪಾಲಿಸಲು ಚುಕ್ಕಿಗೆ ಮಾತ್ರ ಬಹಳ ಕಷ್ಟವಾಯಿತು.

ಚುಕ್ಕಿ ಒಂದು ದಿನ ಬಂಡೆಯ ಹತ್ತಿರ ಬಂದು ಕಾಲು ಕೆರೆಯುತ್ತಾ ನಿಂತಳು. "ಸಾಕಕ್ಕ, ನಾನು ಏನೇನೋ ಅಂದುಬಿಟ್ಟೆ."

"ಅಂದದ್ದು ಅಂದೆ. ಆ ಮೀಸೆಯವನು ನೋಡೋಕೆ ಹೇಗಿದ್ದ ಅಂತಾದರೂ ಹೇಳು, ನಾನು ಅವನನ್ನ ನೋಡಲೇ ಇಲ್ಲ" ಅಂದಳು ಸಾಕವ್ವ.

ಚುಕ್ಕಿಗೂ ನಗು ಬಂತು. ಅವತ್ತಿನಿಂದ ಅವಳು ಅಂಡೆ ಇಟ್ಟಿದೆಯೋ ಇಲ್ಲವೋ ಅಂತ ಬಗ್ಗಿ ನೋಡಿಯೇ ಬಿರಡೆ ಎತ್ತಿದಳು.

ಗಾಣ ಎಡೆಬಿಡದೆ ತಿರುಗಿತು. ಹದಿಮೂರನೆಯ ದಿನ ಇನ್ನೂರನೆಯ ಅಂಡೆ ತುಂಬಿತು. ಹದಿನಾಲ್ಕನೆಯ ದಿನ ಇನ್ನೂ ಹನ್ನೊಂದು ಹೆಚ್ಚೇ ತುಂಬಿದವು. ಹದಿನೈದನೆಯ ದಿನ ಗುಡುಗಿ ಮಳೆ ಬಿತ್ತು. ಜಿಂಕೆಗಳು ಸಾಲಾಗಿ ನಿಂತು ಗೊರಸಿಗೆ ಎಣ್ಣೆ ಹಚ್ಚಿಸಿಕೊಂಡವು. ಆ ಮಳೆಗಾಲ ಒಂದು ಮರಿಯೂ ಕುಂಟಲಿಲ್ಲ. ಬಂಡೆಯ ಬುಡದ ಬಿಲದಲ್ಲಿ ಸಾಕವ್ವನ ನಾಲ್ಕು ಮರಿಗಳೂ ಬೆಚ್ಚಗೆ ಮಲಗಿದವು. ಹೊಳೆ ಉಕ್ಕಿದರೂ ಅವಳು ಬಂಡೆಯ ಮೇಲೆ ಮಹಾರಾಣಿಯ ಹಾಗೆ ಕೂತು ಕಿವಿ ಎತ್ತುತ್ತಿದ್ದಳು, ಅಷ್ಟು ದೊಡ್ಡ ಆನೆ ಅದನ್ನು ನೋಡಿ ಹೆಜ್ಜೆ ಇಡುತ್ತಿದ್ದ.

ಇದಿಷ್ಟನ್ನೂ ನಾನು ಮೊನ್ನೆ ಪಕ್ಕದ ಮನೆಯ ಸಣ್ಣತಾಯಮ್ಮನಿಗೂ ಹೇಳಿದೆ, ಅವಳಿಗೊಬ್ಬಳಿಗೇ. ಪಾಪಣ್ಣನ ಹಾಗೆ ಬಾಯಿಬಿಡುವವರನ್ನು ಕಂಡರೆ ನನಗೆ ಆಗುವುದಿಲ್ಲ ಅಂತಲೂ ಅಂದೆನಪ್ಪ. ಅವರೆಕಾಯಿ ಸುಲಿಯುತ್ತಿದ್ದವಳು ಕೈ ನಿಲ್ಲಿಸಿ, ನನ್ನ ಮುಖಕ್ಕೇ ಹೇಳಿದಳು: "ಸುಮ್ನಿರು ಅಕ್ಕಯ್ಯ. ಈ ಬೀದಿಯಲ್ಲಿ ಯಾರ ಮನೆ ಬೀಗದಕೈ ಯಾವ ಗೂಡಲ್ಲಿರ್ತದೆ ಅಂತ ನೀನು ಸೊಪ್ಪು ಮಾರೋಳಿಗೂ ಹೇಳಿದ್ದೀಯ. ಆ ಮುಸುವನ ಬಾಯಿ ಬಿಡಿಸೋಕೆ ಒಂದು ನವಿಲುಗರಿಯಾದರೂ ಬೇಕಾಯ್ತು. ನಿನಗೆ ಅದೂ ಬೇಡ."

ನೀತಿ: ಬೇಲಿ ಎಷ್ಟೇ ಗಟ್ಟಿಯಿದ್ದರೂ, ಕೆಲಸದ ಗುಟ್ಟನ್ನು ಅಪರಿಚಿತರಿಗೆ ಹೇಳಿದರೆ ಕೆಡುಕು ಒಳಗೆ ಬರುತ್ತದೆ, ಆಜ್ಞೆ ಬಂದಾಗ ಕೊಟ್ಟವರು ಯಾರೆಂದು ನೋಡಿಯೇ ನಡೆಯಬೇಕು, ಮೋಸ ಹೋದರೆ ಅಂದೇ ಒಪ್ಪಿಕೊಳ್ಳಬೇಕು.